ಹುಲಿ, ಹುಳಿ

ಅಕ್ಷರಮಾಲೆಯ ಚಾರ್ಟು ಹೊಸದಾಗಿ ಬರೆಯಲು ಕೂತಾಗೆಲ್ಲ
ಇಲ್ಲಿಗೆ ಬಂದು ಬ್ರಷ್ಷು ಒಣಗುತ್ತದೆ.
ಅಳಿಲು, ಆಡು, ಇರುವೆ, ಈಚಲು,
ಒಬ್ಬೊಬ್ಬರಿಗೂ ಒಂದು ಚೌಕ, ಒಳಗೊಂದು ಚಿತ್ರ.
ಕಟ್ಟಕಡೆಯಲ್ಲಿ ಳ.
ಅದರಿಂದ ಶುರುವಾಗುವ ಮಾತೇ ಇಲ್ಲ ನಮ್ಮಲ್ಲಿ.
ಹಿಂದಿದ್ದ ಮೇಷ್ಟರು ಅಲ್ಲೊಂದು ಬಾಳೆಹಣ್ಣು ಅಂಟಿಸಿದ್ದರು;
ಸಿಪ್ಪೆ ಸುಲಿದರೆ ಅದೂ ಬ.

ಭದ್ರಾವತಿಯ ಹಳೇ ಕ್ವಾರ್ಟರ್ಸಿನ ಶಾಲೆ. ಒಂದನೇ ಕ್ಲಾಸು.
ಇಪ್ಪತ್ತಮೂರು ಮಕ್ಕಳು, ಮನೆಮಾತು ಐದು.
ಕೆಲವರಿಗೆ ಲ ಮತ್ತು ಳ ಅವಳಿಜವಳಿ,
ಒಬ್ಬರನ್ನು ಕರೆದರೆ ಇಬ್ಬರೂ ಓಡಿಬರುತ್ತಾರೆ.

ಅದಕ್ಕೇ ಚೀಲಪ್ಪ ಹುಟ್ಟಿದ್ದು:
ನನ್ನ ಗಂಡನ ಒಂಟಿ ಕಾಲುಚೀಲ,
ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ
ಎರಡು ಕೋಟಿನ ಗುಂಡಿ ಕಣ್ಣಿಗೆ,
ನಾಲಿಗೆಗೆ ಕೆಂಪು ರಿಬ್ಬನ್ನು.
ಚೀಲಪ್ಪನಿಗೆ ಏನೂ ಬರುವುದಿಲ್ಲ. ಅದೇ ಅವನ ವಿದ್ಯೆ.
ನನ್ನ ತಪ್ಪಿಗೆ ಕೈಕಟ್ಟಿ ಕೂರುವ ಮಕ್ಕಳು
ಅವನ ತಪ್ಪಿಗೆ ನೆಲ ಗುದ್ದುತ್ತಾರೆ.

"ನಿನ್ನೆ ನಮ್ಮಮ್ಮ ಹುಲಿ ಮಾಡಿದ್ಲು,
ಅನ್ನಕ್ಕೆ ಕಲಸ್ಕೊಂಡು ಉಂಡೆ" ಅನ್ನುತ್ತಾನೆ.
"ಹುಲಿ ಅಲ್ವೋ, ಹುಳಿ! ಹುಳಿ!"
"ನಮ್ಮದು ಸಣ್ಣ ಹಲ್ಲಿ. ಹಲ್ಲಿ ತುಂಬ ಜನ."
ನಗು ಹೊರಳಿ ಹೊರಳಿ ಬಾಗಿಲು ದಾಟಿ
ಬಿಸಿಯೂಟದ ಹಾಲಮ್ಮನ ಸೌಟು ನಿಲ್ಲಿಸುತ್ತದೆ.
ಆಮೇಲೆ ಎಲ್ಲರೂ ಸೇರಿ, ತೊಡೆ ತಟ್ಟಿ:
ನಾಲಿಗೆ ಮಡಚು, ಹುಳಿ ಹುಳಿ ಹುಳಿ,
ನಾಲಿಗೆ ಬಿಚ್ಚು, ಹುಲಿ ಬಂತು ಓಡು!

ಒಂದು ಮಗು ಮಾತ್ರ ಓಡುತ್ತಿರಲಿಲ್ಲ.
ಜೂನಿನಿಂದ ದೀಪಾವಳಿಯವರೆಗೂ
ಹಾಜರಿ ಕೂಗಿದರೆ ಬಾಯಿಲ್ಲ, ಒಂದು ಬೆರಳು.
ಅದೂ ಅರ್ಧ.
ಡೈರಿಯಲ್ಲಿ ಬರೆದುಕೊಂಡಿದ್ದೆ: ಕಲಿಕೆ ನಿಧಾನ.

ಆ ಬುಧವಾರ ಹಾಜರಿಯನ್ನು ಚೀಲಪ್ಪನಿಗೇ ಬಿಟ್ಟೆ.
ರಿಜಿಸ್ಟರಿಗೆ ಮೂಗು ಉಜ್ಜಿಕೊಂಡು ಓದಿದ:
"ಪೂವಲಗಿ."
ಅವನು ತಪ್ಪೋದಲಿಲ್ಲ. ಅಲ್ಲಿದ್ದದ್ದೇ ಹಾಗೆ,
ನನ್ನದೇ ನೀಲಿ ಶಾಯಿಯಲ್ಲಿ.

ಮಗು ಎದ್ದು ಬಂತು. ನನ್ನ ಕಡೆ ನೋಡಲಿಲ್ಲ.
ಕಾಲುಚೀಲದ ಬಾಯೊಳಗೆ ಬೆರಳು ಹಾಕಿ
ರಿಬ್ಬನ್ನಿನ ತುದಿಯನ್ನು ಮೇಲಕ್ಕೆ, ಹಿಂದಕ್ಕೆ ಮಡಚಿ ಹಿಡಿದು
"ಇಪ್ಪಡಿ" ಅಂದಿತು. "ಪೂವಳಗಿ. ನೀನು ಹೇಳು."
ಚೀಲಪ್ಪ ಹೇಳಿದ. ಸರಿಹೋಗಲಿಲ್ಲ.
ಇನ್ನೊಮ್ಮೆ ಹೇಳಿಸಿದಳು.

ಸಂಜೆ ಕರೆದೊಯ್ಯಲು ಬಂದ ಅಜ್ಜಿ
ಅದೇ ಹೆಸರನ್ನು ಇನ್ನೂ ಆಳದಿಂದ ಕರೆದಳು.
ನಮ್ಮ ಕನ್ನಡ ಎಂದೋ ದಾರಿಯಲ್ಲಿ ಬೀಳಿಸಿಕೊಂಡು ಬಂದ ೞಕಾರ
ಆಕೆಯ ಎಲೆಯಡಿಕೆಯ ಬಾಯಲ್ಲಿ ಬೆಚ್ಚಗಿತ್ತು.
ನಾನು ರಿಜಿಸ್ಟರು ತಿದ್ದಿ ಪಕ್ಕದಲ್ಲಿ ಸಹಿ ಹಾಕಿದೆ.
ಡೈರಿಯ ಆ ಸಾಲಿಗೆ ಗೀಟು ಹೊಡೆದೆ, ಸಹಿಯಿಲ್ಲದೆ.

ಈಗ ಓದುತ್ತಾಳೆ, ಬೆರಳಿಟ್ಟು, ಒಂದೊಂದೇ:
ಬಂದಳು. ನಿಂತಳು. ಹಾಡಿದಳು.
ಯಾವ ಮಾತಿಗೂ ಮುಂದೆ ನಿಲ್ಲದ ಅಕ್ಷರ
ಪ್ರತಿ ಹುಡುಗಿಯ ಹಿಂದೆ ಹಿಂದೆ ನಡೆದು ಬರುವುದು
ಇಪ್ಪತ್ತೊಂದು ವರ್ಷ ಪಾಠ ಹೇಳಿದ ನನಗೆ ಕಂಡೇ ಇರಲಿಲ್ಲ.

ಚಾರ್ಟಿನ ಕೊನೆಯ ಚೌಕ ಖಾಲಿಯೇ ಇದೆ.
ಚೀಲಪ್ಪನನ್ನು ಒಗೆದು ಕಿಟಕಿಯ ಸರಳಿಗೆ ಸಿಕ್ಕಿಸಿದ್ದೇನೆ;
ಗುಂಡಿ ಒಂದು ಸಡಿಲಾಗಿದೆ,
ರಿಬ್ಬನ್ನಿನ ಮಡಿಕೆ ಹೋಗಿಲ್ಲ.