ಮೂಲೆಮಟ್ಟ

ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ
ಲಂಬಕೋನ ಬರೆದು ಬರೆದು ಅಂಗೈ ಬಿಳಿಚಿದವಳು ನಾನು.
ಬೋಗಾದಿಯಾಚೆ, ರಿಂಗ್ ರೋಡಿನ ಸದ್ದು
ಸೋಸಿ ಬರುವಷ್ಟು ದೂರದಲ್ಲಿ
ಕೊಂಡ ಮೂವತ್ತು ನಲವತ್ತರ ಸೈಟು.
ನಟ್ಟನಡುವೆ ಒಂದು ಬಂಡೆ,
ಕೆರೆಯಲ್ಲಿ ಮಲಗಿದ ಎಮ್ಮೆಯ ಹಾಗೆ
ಬೆನ್ನಷ್ಟೇ ಮೇಲೆ.

ಅದಕ್ಕೇ ಅಗ್ಗಕ್ಕೆ ಸಿಕ್ಕಿದ್ದು.
ಒಂದು ಮಧ್ಯಾಹ್ನದ ಕೆಲಸ, ಸಿಡಿಸಿಬಿಡಿ ಎಂದರು
ನೋಡಿದವರೆಲ್ಲ.

ಮಂಡಿ ಮೊಹಲ್ಲಾದ ನವೀದಾ ಮಾತ್ರ
ಚಪ್ಪಲಿ ಬಿಟ್ಟು ಅದರ ಮೇಲೆ ಕೂತಳು, ಅರ್ಧ ದಿನ.
ಬಿಸಿಲು ಎಷ್ಟು ಹೊತ್ತಿಗೆ, ಗಾಳಿ ಎಲ್ಲಿಂದ,
ಇರುವೆ ಸಾಲು ಯಾವ ಕಡೆ, ಬರೆದುಕೊಂಡಳು.
ವಾರ ಬಿಟ್ಟು ಹಾಳೆ ಬಿಡಿಸಿ ತೋರಿಸಿದ ಮನೆಯಲ್ಲಿ
ಹುಡುಕಿದರೂ ಒಂದು ನೇರ ಗೆರೆಯಿಲ್ಲ.
"ಇದರ ಕ್ಷೇತ್ರಫಲ ಹೇಗಮ್ಮಾ ಕಂಡುಹಿಡಿಯೋದು?"
"ಅದನ್ನ ನಿಮ್ಮನ್ನೇ ಕೇಳೋಣಾಂತ."

ಕೆಂಪಸಿದ್ದಯ್ಯ ಬಂದ, ಕೊತ್ತತ್ತಿಯವನು,
ಚೀಲದಲ್ಲಿ ತೂಗುಗುಂಡು, ರಸಮಟ್ಟ, ಮೂಲೆಮಟ್ಟ.
ಹಾಳೆಯನ್ನು ಮೇಲೆ ಕೆಳಗೆ ತಿರುಗಿಸಿದ.
"ಮೂಲೆಮಟ್ಟ ಎಲ್ಲಿಗಿಡ್ಲವ್ವ ಇದ್ಕೆ?"
ಒಂದು ಬೀಡಿ ಮುಗಿಯುವ ತನಕ ಮಾತಿಲ್ಲ.
ಆಮೇಲೆ ಒಂದು ಬಿಂದಿಗೆ ನೀರು ಕೇಳಿ
ಬಂಡೆಯ ನೆತ್ತಿಗೆ ಸುರಿದ.
"ಗದ್ದೆ ಬದ ಕಟ್ಟೋವಾಗ ಸ್ಕೇಲ್ ಯಾರ್ ಇಡ್ಕತಾರೆ?
ನೀರ್ ಓಗೋ ಕಡೀಕೆ ನಾವೂ ಓಗದು."
ಹರಿದದ್ದರ ಹಿಂದೆ ಹಿಂದೆಯೇ ಬಗ್ಗಿ
ಸುಣ್ಣದ ಪುಡಿ ಉದುರಿಸುತ್ತ ನಡೆದ,
ಹೊಸಿಲ ಮುಂದೆ ರಂಗೋಲಿ ಬಿಡುವ ಬೆರಳುಗಳಲ್ಲಿ.

ನವೀದಾಳ ಗೆರೆಗೂ ಅವನ ಗೆರೆಗೂ
ಒಂದೂವರೆ ಅಡಿ ವ್ಯತ್ಯಾಸ.
ಅವಳು ರಬ್ಬರು ತೆಗೆದು ತನ್ನದನ್ನು ಅಳಿಸಿದಳು.

ಪಾಯ ತೋಡಿದ ಮಣ್ಣೇ ಒತ್ತಿ ಒಣಗಿ ಇಟ್ಟಿಗೆಯಾಯಿತು.
ಆಸರೆ ಹುಡುಕುವ ಸೋರೆಬಳ್ಳಿಯಂತೆ
ಗೋಡೆ ಬಂಡೆಯನ್ನು ಬಳಸಿ ಎದ್ದಿತು.
ಮೂಲೆಮಟ್ಟ ಚೀಲ ಬಿಟ್ಟು ಹೊರಬರಲಿಲ್ಲ.
ತೂಗುಗುಂಡಿಗೆ ಮಾತ್ರ ದಿನವೂ ಕೆಲಸ:
ಎತ್ತ ಬಾಗಿದರೂ ಗೋಡೆ
ನಿಲ್ಲಬೇಕಾದ್ದು ನೆಟ್ಟಗೇ.

ಗೃಹಪ್ರವೇಶದ ದಿನ ಅತ್ತೆ ಒಂದು ಸುತ್ತು ಬಂದರು.
"ದೇವಮೂಲೆ ಎಲ್ಲೇ?"
ಈಶಾನ್ಯಕ್ಕೆ ಕೈ ತೋರಿಸಿದೆ. ದಿಕ್ಕಿತ್ತು, ಮೂಲೆಯಿರಲಿಲ್ಲ.
ಸ್ವಲ್ಪ ಹೊತ್ತು ನಿಂತು, ಸೆರಗಿನಿಂದ ಬಂಡೆ ಒರೆಸಿ
ಅದರ ಮೇಲೇ ದೀಪ ಇಟ್ಟರು.
ಇಂದಿಗೂ ಅಲ್ಲೇ.

ಮದುವೆಯಲ್ಲಿ ಕೊಟ್ಟ ಕಬ್ಬಿಣದ ಬೀರು
ಯಾವ ಗೋಡೆಗೂ ಒರಗಲೊಲ್ಲದು.
ಹಿಂದೆ ಉಳಿದ ಸಂದಿಯಲ್ಲಿ
ಯಾರದೋ ಬೆಕ್ಕು ಬಂದು ಮೂರು ಮರಿ ಹಾಕಿತು.
ಗುಡಿಸುವಾಗ ಪೊರಕೆ ಕಸ ಕೂಡಿಡಲು
ತಾವು ಕಾಣದೆ ಸುತ್ತಿ ಸುತ್ತಿ
ಬಾಗಿಲಿಗೇ ಬಂದು ನಿಲ್ಲುತ್ತದೆ.

ವೈರಿಂಗಿಗೆ ಬಂದವನು ಜವರಾಜು.
ಪೈಪು ಕಾಯಿಸಿ ಬಾಗಿಸುತ್ತ ಅಂದ:
"ಗುರ್ತು ಸಿಕ್ತಾ ಮೇಡಂ? ಎಂಟನೇ ಬಿ.
ಎಷ್ಟ್ ಸಲ ಮೂಲೇಲಿ ನಿಲ್ಸಿದ್ರಿ ನನ್ನ!
ಇಲ್ಲಿ ಎಲ್ ನಿಲ್ಲಿಸ್ತೀರಾ?"
ಅವನು ನಕ್ಕ.
ನನಗೆ ನೆನಪಾದದ್ದು ಪೈಥಾಗರಸನಲ್ಲ,
ಸುಣ್ಣದ ಗೋಡೆಗೆ ಹಣೆಯೊತ್ತಿ ನಿಂತ
ಒಂದು ತೆಳ್ಳನೆ ಕತ್ತು.
ಮತ್ತೆ ನಿವೃತ್ತಿಯ ದಿನ, ಶಾಲು ಹೊದಿಸಿದ ಮೇಲೆ,
ಸ್ಟಾಫ್ ರೂಮಿನಲ್ಲಿ ಯಾರೋ ತಮಾಷೆಗೆ ಅಂದದ್ದು:
"ಇನ್ನು ನೀವೂ ಮೂಲೆಗುಂಪು."
ಕಾಫಿ ಕೊಟ್ಟೆ ಅವನಿಗೆ. ಎರಡನೇ ಲೋಟ ಕೇಳಿದ.

ಮಳೆಗಾಲದಲ್ಲಿ ಬಂಡೆ ಗೋಡೆ ಕೂಡುವ ಕಡೆ
ಒಂದೆಡೆ ಜಿನುಗುತ್ತದೆ.
ಕೆಂಪಸಿದ್ದಯ್ಯ ಎರಡು ಸಲ ಬಂದು ಮುಚ್ಚಿದ.
ಮೂರನೇ ಸಲ ಬೆರಳಿಂದ ಮುಟ್ಟಿ ನೋಡಿ,
"ಇರ್ಲಿ ಬುಡವ್ವ, ಅದ್ಕೂ ದಾರಿ ಬೇಕಲ್ವ" ಎಂದು
ಬಸ್ಸಿಗೆ ಹೊತ್ತಾಯಿತೆಂದು ಹೊರಟ.

ಕೆಳಗೊಂದು ತಟ್ಟೆ ಇಟ್ಟಿದ್ದೇನೆ.
ಬೆಕ್ಕು ಕುಡಿಯುತ್ತದೆ.