ಹರುಕು

ಮಡಗಾಂವದ ಹಳೇ ಮಾರ್ಕೆಟ್ಟಿನ ಹಿಂದೆ
ಮೆಟ್ಟಿಲ ಕೆಳಗೆ ನನ್ನ ಮಷಿನ್ನು.
ಗಜೇಂದ್ರಗಡದಿಂದ ತಂದದ್ದು ಎರಡೇ:
ಅಪ್ಪನ ಕತ್ತರಿ, ಮತ್ತೆ
‘ಹರಿದದ್ದು ಕಂಡರೆ ಬಿಡಬ್ಯಾಡ’ ಅನ್ನುವ ಅವನ ಮಾತು.

ದೋನ ಎಫಿಜೇನಿಯಾ ಕೊಟ್ಟು ಹೋದದ್ದು
ಕರೀ ಕಂಬಳಿಯಂಥ ನಿಲುವಂಗಿ.
ತೋಳಿಲ್ಲ, ಕಿಸೆಯಿಲ್ಲ, ಡಾಂಬರು ಗುಳಿಗೆಯ ಘಾಟು.
‘ಕೊರಳಪಟ್ಟಿ ಬಿಟ್ಟಿದೆ, ಅಷ್ಟು ಹಾಕು’ ಅಂದಳು.
ಅವಳ ಕೊಂಕಣಿ ಅರ್ಧ ಪೋರ್ಚುಗೀಸು,
ನನ್ನ ಕೊಂಕಣಿ ಅರ್ಧ ಗದಗು;
ನಡುವೆ ‘ಅಷ್ಟು’ ಅನ್ನೋದು ಎಲ್ಲಿ ಬಿತ್ತೋ.

ಹರವಿದರೆ ಅಂಚಿನ ತುಂಬ ಹರುಕು.
ಕತ್ತರಿಯದಲ್ಲ, ಎಳೆ ಎಳೆ ಬಿಟ್ಟಿದೆ.
ಇಲಿ, ಅಂದುಕೊಂಡೆ.
ಬೆನ್ನ ನಡುವಿನದೊಂದನ್ನು ಮಾತ್ರ ಯಾರೋ ಹೊಲಿದಿದ್ದರು,
ಕರೀ ಬಟ್ಟೆಗೆ ಹಳದಿ ದಾರ!
ಹೊಲಿಗೆ ಹೊಲಿಗೆಗೂ ಬೇರೆ ಗಂಟು, ಒಟ್ಟು ಏಳು.
ಯಾವ ಸಿಂಪಿಗ ಹೀಗೆ ದಾರ ದಂಡ ಮಾಡುತ್ತಾನೆ?
ನಗು ಬಂತು. ಬಿಚ್ಚಿದೆ.

ಮೂರು ರಾತ್ರಿ ಕೂತು
ಹೊಲಿದವನಿಗೂ ಕಾಣದ ಹಾಗೆ
ಹದಿನಾಲ್ಕೂ ಮುಚ್ಚಿದೆ.
ಇಸ್ತ್ರಿ ಹಾಕಿ ಮೊಳೆಗೆ ತೂಗಿದೆ,
ದುಡ್ಡು ಬೇಡ, ಹೊಗಳಿದರೆ ಸಾಕು ಅಂತ.

ಬಂದವಳು ಅಂಚು ಹಿಡಿದು
ಸುತ್ತ ಬೆರಳಾಡಿಸಿದಳು, ಕಣ್ಣಿಲ್ಲದವಳ ಹಾಗೆ.
ಸ್ಟೂಲಿನ ಮೇಲೆ ಕೂತಳು.
ನೀರು ಕೊಟ್ಟೆ. ಕುಡಿಯಲಿಲ್ಲ.

ಆಮೇಲೆ, ಸಾವಕಾಶ, ನನಗೆ ತಿಳಿಯುವಂತೆ:
ಕೊಯಿಂಬ್ರ ಅಂತ ಊರು. ಗುಡ್ಡದ ಮೇಲೆ
ಏಳುನೂರು ವರ್ಷದ ವಿದ್ಯಾಪೀಠ. ಅಪ್ಪ ವೈದ್ಯ ಓದಿದ್ದು ಅಲ್ಲಿ.
ತರಗತಿಗೆ ಕರೆಯುವ ಗಂಟೆಗೆ ಹುಡುಗರಿಟ್ಟ ಹೆಸರು ‘ಆಡು’,
ಪುಸ್ತಕದ ಮನೆಯಲ್ಲಿ ಹುಳ ಕಾಯಲು ಬಾವಲಿ.
ಓದು ಮುಗಿದಾಗ ಬೇಕಾದವರು
ಈ ಅಂಗಿಯ ಅಂಚು ಹರಿಯಬೇಕು,
ಹಲ್ಲಿನಿಂದ.

‘ಇಲ್ಲಿದ್ದದ್ದು ಅಂಗರಚನೆ ಕಲಿಸಿದ ಮೇಷ್ಟರದು,
ಬಾಯಲ್ಲಿ ಮೂರೇ ಹಲ್ಲು, ಕಾಲು ತಾಸು ಜಗಿದರಂತೆ.
ಇಲ್ಲಿ, ಮುಂದೆ ಮಂತ್ರಿಯಾದವನದು,
ಉಗುರಿನಷ್ಟು ಕಚ್ಚಿ ಬಾಯಿ ಒರೆಸಿಕೊಂಡ.
ಇದು ನಮ್ಮಜ್ಜಿ. ಅವಳು ಕೊಯಿಂಬ್ರ ಕಂಡವಳಲ್ಲ.
ಮುರ್ಮುಗೋವಾ ಧಕ್ಕೆಯಲ್ಲಿ, ಹಡಗಿಳಿದ ಮಗನನ್ನು
ಅಪ್ಪುವ ಮೊದಲೇ ಬಗ್ಗಿ ಕಚ್ಚಿದಳು.’

ಅಲ್ಲಿ ಓದಿ, ಓದಿಸಿ ಹೆಸರಾದವರದೊಂದು
ಕೆಂಪು ರಟ್ಟಿನ ಪುಸ್ತಕವಿದೆಯಂತೆ ಮನೆಯಲ್ಲಿ.
ಮೇಷ್ಟರಿದ್ದಾರೆ, ಮಂತ್ರಿ ಚಿತ್ರಸಮೇತ ಇದ್ದಾನೆ.
ಕುಡ್ತರಿಯ ಗದ್ದೆಯ ಬದುಗಳಲ್ಲಿ ಪ್ಯಾಂಟು ಮಡಚಿ
ಕಾಲರಾದ ಹಿಂದೆ ಓಡಿದ ಡಾಕ್ಟರು ಇಲ್ಲ.
‘ಅದಕ್ಕೇನು, ನಮ್ಮಲ್ಲಿ ಇದಿತ್ತಲ್ಲ’ ಅಂದಳು.

ಇತ್ತು, ಅಂದಳು.

ಬೆನ್ನ ನಡುವಿನದು? ನಾನೇ ಕೇಳಿದೆ.
‘ಅದು ಪ್ರೀತಿಸಿದವಳಿಗೆ. ಮುರಿದುಬಿದ್ದರೆ ಹೊಲಿಯಬೇಕು,
ಓದಿದ್ದರ ಬಣ್ಣದಲ್ಲಿ. ವೈದ್ಯಕ್ಕೆ ಹಳದಿ.
ಹಡಗಿನಲ್ಲಿ ಕೂತು ಅಪ್ಪನೇ ಹಾಕಿದ್ದು.
ನನ್ನ ಅಮ್ಮನಲ್ಲ ಅವಳು. ಹೆಸರು ಹೇಳಲಿಲ್ಲ.’

ಹೊಲಿಗೆಗೊಂದು ಗಂಟು.
ಅದು ಬಟ್ಟೆಯ ಹೊಲಿಗೆಯಲ್ಲ, ಗಾಯದ್ದು.

ಚಿಂದಿ ಡಬ್ಬ ಸುರುವಿದೆ.
ಯೂನಿಫಾರ್ಮಿನ ನೀಲಿ, ಮದುವೆ ಗೌನಿನ ಬಿಳಿ ಚೂರು,
ಜರಿ, ಬೀಡಿಯ ತುಂಡು, ನಡುವೆ
ಹಳದಿ ಗಂಟು ಐದು. ಎರಡು ಪೊರಕೆಯ ಪಾಲು.

ನನ್ನ ಹೊಲಿಗೆ ನಾನೇ ಬಿಚ್ಚುತ್ತಾ ಬಂದೆ,
ಅಂಚು ಒಂದೊಂದಾಗಿ ಬಾಯಿ ತೆರೆಯಿತು.
ಮಂತ್ರಿಯದು ಎಲ್ಲಿತ್ತೋ, ನನಗೂ ಸಿಗಲಿಲ್ಲ,
‘ಬಿಡು’ ಅಂದಳು, ಮೊದಲ ಸಲ ನಕ್ಕಳು.
ಐದು ಗಂಟು ಸೂಜಿರಂಧ್ರ ಹುಡುಕಿ ಕೂರಿಸಿದೆ,
ಎರಡಕ್ಕೆ ನನ್ನ ರೀಲಿನ ಹಳದಿ.
ಹೊಸದು. ಕಣ್ಣಿಗೆ ಹೊಡೆಯುತ್ತದೆ.

ಏಳನೆಯದು ಬಿಗಿದಾಗ
ಅಪ್ಪನ ಕತ್ತರಿ ಚಿಂದಿಯಲ್ಲೆಲ್ಲೋ ಹೂತುಹೋಗಿತ್ತು.
ಅವಳು ನೋಡುತ್ತಿದ್ದಳು.
ಬಗ್ಗಿ, ದಾರವನ್ನು
ಹಲ್ಲಿನಿಂದ ಕಡಿದೆ.