ಒಪ್ಪುವ ಸಾಲು

ಸೆವಾನ್ ಸರೋವರದ ಗಾಳಿಗೆ ಬಾಗಿಲು ತಾನೇ ಬಡಿದುಕೊಳ್ಳುವ ಹೊತ್ತು,
ಬೆಳಗಿನ ನಾಲ್ಕು.
ನೆಲದೊಳಗಿನ ತೋನಿರ್ ಒಲೆಗೆ ತಲೆ ಕೆಳಗಾಗಿ ಬಗ್ಗುತ್ತೇನೆ,
ಹಾಳೆಯಷ್ಟು ತೆಳು ರೊಟ್ಟಿಯನ್ನು ಅದರ ಗೋಡೆಗೆ ಬಡಿದು
ಏಳುತ್ತೇನೆ. ಮತ್ತೆ ಬಗ್ಗುತ್ತೇನೆ.
ದಿನಕ್ಕೆ ಮುನ್ನೂರು ಸಲ.
ಹೊಸದಾಗಿ ಬಂದ ಪಾದ್ರಿ ನೋಡಿ ಕಣ್ಣರಳಿಸಿದರು:
"ಇದಕ್ಕಿಂತ ದೊಡ್ಡ ಪ್ರಾರ್ಥನೆ ಉಂಟೇ, ತಾಯಿ?"
ಉಂಟು, ಸ್ವಾಮಿ.
ಇದು ಸೊಂಟನೋವು.

ಪ್ರಾರ್ಥನೆ ನನಗೆ ಬರುವುದಿಲ್ಲ. ಬರುತ್ತಿತ್ತು.
ಅಕ್ಕ ಶೋಘಿಕ್ ಮಾರ್ತುನಿಯ ಆಸ್ಪತ್ರೆಯಲ್ಲಿದ್ದ ನಲವತ್ತು ದಿನ
ಬುಗ್ಗೆಯ ಹಾಗೆ ಬರುತ್ತಿತ್ತು,
ಬಸ್ಸಿನಲ್ಲಿ, ಬಟ್ಟೆ ಹಿಂಡುವಾಗ, ಆಲೂಗೆಡ್ಡೆ ಸಿಪ್ಪೆಯ ಮೇಲೆ.
ಚೌಕಾಸಿಯನ್ನೂ ಮಾಡಿದೆ: ಅವಳನ್ನು ಉಳಿಸು,
ನಾದಿನಿಯ ಜೊತೆ ಮತ್ತೆ ಮಾತಾಡುತ್ತೇನೆ.
ಅವಳು ಉಳಿಯಲಿಲ್ಲ.
ನಾನೂ ಮಾತಾಡಲಿಲ್ಲ. ಲೆಕ್ಕ ಚುಕ್ತಾ.

ಆಮೇಲೆ ಭಾನುವಾರಗಳು.
ಮರಳಿನ ತಟ್ಟೆಯಲ್ಲಿ ಮೇಣದ ಬತ್ತಿ ಚುಚ್ಚುತ್ತೇನೆ,
ಅದು ಪಕ್ಕದವರ ಬತ್ತಿಗೆ ವಾಲಿಕೊಳ್ಳುತ್ತದೆ.
ಮುತ್ತಜ್ಜರ ಕಾಲದ ಭಾಷೆಯಲ್ಲಿ ಆರಾಧನೆ, ಅರ್ಧ ತಿಳಿಯದು.
ಕಣ್ಣು ಮುಚ್ಚಿದರೆ ಅಲ್ಲಿ ದೇವರಿಲ್ಲ,
ಹಿಟ್ಟಿನ ವ್ಯಾಪಾರಿ ಇದ್ದಾನೆ, ಬಾಕಿ ಚೀಟಿ ಹಿಡಿದು.
ಅವನ ಹಿಂದೆ ನಾದಿನಿ ವರ್ಸೆನಿಕ್,
ನನಗೆ ಬರಬೇಕಿದ್ದ ತಾಮ್ರದ ಹಂಡೆಯೊಂದಿಗೆ.
ಪ್ರಭು ಕಲಿಸಿದ ಪ್ರಾರ್ಥನೆ ಬಾಯಿಪಾಠ;
ನಾಲಿಗೆಗೆ ನನ್ನ ಹಂಗಿಲ್ಲ, ತಾನೇ ಓಡುತ್ತದೆ,
ಅವನ ಇಷ್ಟಕ್ಕೆ ಒಪ್ಪುವ ಸಾಲಿನವರೆಗೆ.
ಅಲ್ಲಿ
ಹೊಸ್ತಿಲಿಗೆ ಬಂದ ಮೊಂಡು ಹಸುವಿನ ಹಾಗೆ
ನಿಂತುಬಿಡುತ್ತದೆ.
ಉಳಿದವರೆಲ್ಲ ಆಮೆನ್ ತಲುಪಿದಾಗ
ನಾನು ಕೆಮ್ಮುತ್ತೇನೆ.

ನನ್ನ ಜೊತೆ ಹಿಟ್ಟು ಲಟ್ಟಿಸುವ ಯೆರಾನುಹಿ ಅಜ್ಜಿಗೆ
ಒಂದು ಕಿವಿ ಕೇಳದು. ಹಾಗಾಗಿ ಅವಳ ಪ್ರಾರ್ಥನೆ
ಇಡೀ ಬೀದಿಗೆ ಕೇಳುತ್ತದೆ:
"ಈ ಮೊಣಕಾಲು ನೋಡು, ನೀನು ಮಾಡಿದ್ದಲ್ಲವೇ?"
"ನಿನ್ನೆಯ ಮೀನಿಗೆ ಉಪಕಾರವಾಯಿತು. ಮುಳ್ಳು ಜಾಸ್ತಿ."
ಅಷ್ಟೇ. ಮತ್ತೆ ಲಟ್ಟಣಿಗೆ.

ಒಂದು ದಿನ ಕೇಳಿದೆ, ಕೇಳುವ ಕಿವಿಯ ಕಡೆ ಹೋಗಿ:
ನಿನಗೆ ಹೇಗೆ ಬರುತ್ತದೆ?
ಅವಳು ಹಿಟ್ಟಿನ ಮುದ್ದೆಗೆ ಒದ್ದೆ ಬಟ್ಟೆ ಹೊದಿಸುತ್ತಿದ್ದಳು.
"ಎಲ್ಲಿ ಬರುತ್ತದೆ! ಗಂಡ ಸತ್ತ ಮೇಲೆ ಹನ್ನೊಂದು ವರ್ಷ
ಅವನಿಗೆ ಬೈಗುಳ ಬಿಟ್ಟು ಬೇರೇನೂ ಕೊಡಲಿಲ್ಲ.
ಆದರೆ ದಿನಾ ಬೈದೆ. ಒಂದು ದಿನ ತಪ್ಪಿಸಲಿಲ್ಲ.
ಬಾಯಲ್ಲಿ ಇರುವುದು ಕಹಿಯಾದರೆ
ಜೇನು ಉಗುಳಲು ಯಾಕೆ ತಿಣುಕುತ್ತೀ?"

ಆ ರಾತ್ರಿ ಮಂಚದ ಅಂಚಿನಲ್ಲಿ ಕೂತು,
ಶಿಲುಬೆಯ ಗುರುತು ಮಾಡಲೂ ಮರೆತು, ಹೇಳಿದೆ:
ನಲವತ್ತು ದಿನ ಕರೆದೆ. ಎಲ್ಲಿದ್ದೆ?
ಉತ್ತರ ಬರಲಿಲ್ಲ.
ಪಕ್ಕದ ಮನೆಯ ನಾಯಿ ಬೊಗಳಿತು.
ಆದರೂ, ಹೇಗೆ ಹೇಳಲಿ,
ಫೋನಿನ ಆ ತುದಿಯಲ್ಲಿ ಯಾರೋ ಮಾತಾಡದೆ,
ಇಟ್ಟೂ ಬಿಡದೆ ಇರುವಾಗ ಒಂದು ಸದ್ದಿರುತ್ತದಲ್ಲ,
ಅದು.

ಈಗ ಚಿಕ್ಕದಾಗಿ ಮಾಡುತ್ತೇನೆ,
ಒಲೆ ಕಾಯುವವರೆಗೆ ಮಾತ್ರ.
ವ್ಯಾಪಾರಿ ಕಣ್ಣೊಳಗೆ ಬಂದರೆ ಅಟ್ಟುವುದಿಲ್ಲ, ಕೂರಿಸುತ್ತೇನೆ:
ದೇವರೇ, ಇವನು ಬಂದಿದ್ದಾನೆ, ಮಗನಿಗೆ ಫಿಟ್ಸ್ ಅಂತೆ,
ಇವನ ಬಾಕಿ ನಾನು ಕೊಡಬೇಕು.
ನಾದಿನಿ ಬಂದರೆ ಬರೀ ಹೆಸರು: ವರ್ಸೆನಿಕ್.
ಹಂಡೆಯ ವಿಷಯ ಎತ್ತುವುದಿಲ್ಲ.
ಕೆಲವು ದಿನ ಎತ್ತುತ್ತೇನೆ.

ಗುರುವಾರ ನಿದ್ದೆ ಹೋದೆ. ಶುಕ್ರವಾರ ಮರೆತೆ.
ಶನಿವಾರ ನೆನಪಿತ್ತು, ನಾಚಿಕೆಯಾಗಿ ಹೋಗಲಿಲ್ಲ.
ಎಲ್ಲ ಬಾಗಿಲಿಗಿಂತ ದಪ್ಪ, ಈ ನಾಚಿಕೆ.
ಭಾನುವಾರ, ತಡವಾಗಿ ಮನೆ ಸೇರುವವರ ಹಾಗೆ ಹಿತ್ತಿಲಿಂದ ನುಸುಳಿ
"ಬಂದೆ" ಎಂದೆ.

ಆ ಸಾಲು ಇನ್ನೂ ದಾಟಿಲ್ಲ.
ನಿನ್ನೆ ಅದರ ಮೊದಲ ಶಬ್ದ ಆಡಿದೆ;
ಹಸು ಒಂದು ಕಾಲೆತ್ತಿ ಹೊಸ್ತಿಲ ಮೇಲಿಟ್ಟಿತು.
ನಾನು ಹಗ್ಗ ಎಳೆಯಲಿಲ್ಲ.
ಅವನೂ ಎಳೆಯಲಿಲ್ಲ.
ಅಷ್ಟರಲ್ಲಿ ರೊಟ್ಟಿಯ ಅಂಚು ಕರಕಲು ವಾಸನೆ;
ಬಗ್ಗಿದೆ.